ಕರಿಕಲ್ಲು, ಕಾಗೆಬಂಗಾರ, ನೈಸ್: ನಮ್ಮ ಕಾಲಡಿಯ ನೆಲದ ಪದಕೋಶ

ಹಾಸನದಲ್ಲಿ ಹೊಸದಾಗಿ ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ ನೋಡಿ, ಅಡುಗೆಮನೆಯ ಕಟ್ಟೆಗೆ ಏನು ಹಾಕಿಸಿದಿರಿ ಎಂದು. ‘ಕಪ್ಪು ಗ್ರಾನೈಟ್’ ಎನ್ನುತ್ತಾರೆ. ಅಂಗಡಿಯ ಬಿಲ್ಲಿನಲ್ಲೂ ಹಾಗೆಯೇ ಬರೆದಿರುತ್ತದೆ. ಅದೇ ಚಪ್ಪಡಿಯನ್ನು ಭೂವಿಜ್ಞಾನ ಓದಿದವರಿಗೆ ತೋರಿಸಿದರೆ ಬಹಳ ಸಲ ‘ಇದು ಗ್ರಾನೈಟ್ ಅಲ್ಲ, ಡಾಲರೈಟ್’ ಎನ್ನುತ್ತಾರೆ. ಬಂಡೆಯಿಂದ ಅದನ್ನು ಸೀಳಿ ತೆಗೆದ ಕಲ್ಲುಕುಟಿಗರಿಗೆ ಅದು ಬರೀ ‘ಕರಿಕಲ್ಲು’. ಮೂವರೂ ಸುಳ್ಳು ಹೇಳುತ್ತಿಲ್ಲ. ಕಲ್ಲುಕುಟಿಗರ ಹೆಸರು ಆ ಕಲ್ಲು ಕಣ್ಣಿಗೆ ಹೇಗಿದೆ ಎಂದು ಹೇಳುತ್ತದೆ. ಅಂಗಡಿಯವರ ಹೆಸರು ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಹೇಳುತ್ತದೆ: ಗಟ್ಟಿಯಾಗಿದೆ, ಹೊಳಪು ಹಿಡಿಯುತ್ತದೆ, ಬಿಸಿ ಪಾತ್ರೆ ಇಟ್ಟರೂ ಕೆಡುವುದಿಲ್ಲ. ಭೂವಿಜ್ಞಾನದ ಹೆಸರು ಹೇಳುವುದು ಬೇರೊಂದನ್ನು: ಆ ಕಲ್ಲು ಹುಟ್ಟಿದ್ದು ಹೇಗೆ?

ಈ ಶಾಸ್ತ್ರದ ಪದಗಳು ಭಯ ಹುಟ್ಟಿಸುತ್ತವೆ ಎಂದು ಹೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪ್ರತಿಯೊಂದು ಪದವೂ ಒಂದು ಹುಟ್ಟಿನ ಕಥೆ. ಕಥೆ ತಿಳಿದರೆ ಪದ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಆ ಕಥೆಗಳನ್ನು ಕಲಿಯಲು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗಿಂತ ಒಳ್ಳೆಯ ಜಾಗ ಕಡಿಮೆ.

ಶಾಲೆಯಲ್ಲಿ ‘ಶಿಲಾಪಾಕ’ ಎಂಬ ಪದವನ್ನು ನಾವೆಲ್ಲ ಬಾಯಿಪಾಠ ಮಾಡಿದವರು. ಅದರಲ್ಲಿ ‘ಪಾಕ’ ಇದೆ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಭೂಮಿಯ ಒಳಗೆ ಕರಗಿದ ಕಲ್ಲು ನಿಜಕ್ಕೂ ಪಾಕದಂತೆಯೇ ವರ್ತಿಸುತ್ತದೆ. ಸಕ್ಕರೆ ಪಾಕವನ್ನು ಕೈಯಾಡಿಸುತ್ತಾ ಬೇಗ ಆರಿಸಿದರೆ ನುಣ್ಣನೆಯ ಹರಳಾಗಿ ಕೂರುತ್ತದೆ. ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ದಪ್ಪ ದಪ್ಪ ಕಲ್ಲುಸಕ್ಕರೆ ಬೆಳೆಯುತ್ತದೆ. ಶಿಲಾಪಾಕವೂ ಹಾಗೆಯೇ. ನೆಲದಿಂದ ಹಲವು ಕಿಲೋಮೀಟರ್ ಆಳದಲ್ಲಿ, ಲಕ್ಷಾಂತರ ವರ್ಷ ತೆಗೆದುಕೊಂಡು ಆರಿದರೆ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ. ಗ್ರಾನೈಟ್ ಹುಟ್ಟುವುದು ಹೀಗೆ. ಜ್ವಾಲಾಮುಖಿಯಿಂದ ಹೊರಗೆ ಹರಿದು ಬೇಗ ತಣ್ಣಗಾದರೆ ಹರಳು ಕಾಣದ ಬಸಾಲ್ಟ್ ಆಗುತ್ತದೆ. ಇವೆರಡರ ನಡುವೆ, ಹಳೆಯ ಬಂಡೆಯ ಬಿರುಕಿನೊಳಗೆ ನುಗ್ಗಿ ಅಲ್ಲೇ ಗಟ್ಟಿಯಾದರೆ ಮಧ್ಯಮ ಹರಳಿನ ಡಾಲರೈಟ್. ಪಾಕದಲ್ಲಿ ಏನಿತ್ತು ಎಂಬುದೂ ಮುಖ್ಯ. ಗ್ರಾನೈಟಿನ ಪಾಕದಲ್ಲಿ ಸಿಲಿಕಾ, ಅಂದರೆ ಮರಳಿನ ಮೂಲವಸ್ತು, ಹೆಚ್ಚು, ಅದಕ್ಕೇ ತಿಳಿ ಬಣ್ಣ. ಬಸಾಲ್ಟ್ ಮತ್ತು ಡಾಲರೈಟಿನ ಪಾಕದಲ್ಲಿ ಕಬ್ಬಿಣ, ಮೆಗ್ನೀಸಿಯಂ ಹೆಚ್ಚು, ಅದಕ್ಕೇ ಕಪ್ಪು. ಯಾವ ಪಾಕ, ಎಷ್ಟು ಬೇಗ ಆರಿತು ಎಂಬ ಎರಡೇ ಪ್ರಶ್ನೆಗಳಿಂದ ಅಗ್ನಿಶಿಲೆಗಳ ಹೆಸರುಗಳಲ್ಲಿ ಅರ್ಧದಷ್ಟು ಅರ್ಥವಾಗುತ್ತವೆ.

ಬಿರುಕಿನಲ್ಲಿ ಹೀಗೆ ಗೋಡೆಯಂತೆ ನಿಂತ ಕಲ್ಲಿಗೆ ಭೂವಿಜ್ಞಾನದಲ್ಲಿ ‘ಡೈಕ್’ ಎನ್ನುತ್ತಾರೆ. ನಮ್ಮ ಹೊಲಗಳ ಕೆಂಪು ಮಣ್ಣಿನ ನಡುವೆ ಕರಿಗುಂಡುಗಳ ಸಾಲು ನೇರವಾಗಿ ಹೋಗಿರುವುದನ್ನು ಎಷ್ಟೋ ಜನ ನೋಡಿರುತ್ತೀರಿ. ಅದು ಯಾರೋ ಜೋಡಿಸಿಟ್ಟ ಬದು ಅಲ್ಲ, ನೆಲದೊಳಗಿನ ಡೈಕಿನ ತಲೆ. ಕೆಲವು ಕಡೆ ಈ ಗೋಡೆ ನೆಲದಡಿಯ ನೀರನ್ನೂ ತಡೆದು ನಿಲ್ಲಿಸುತ್ತದೆ. ಆದ್ದರಿಂದ ಇದನ್ನು ‘ಒಡ್ಡು’ ಎಂದು ಕರೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ನೀರಿಗೆ ಒಡ್ಡು ಕಟ್ಟುವುದು ಏನೆಂದು ನಮ್ಮ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಗೊರೂರಿಗೆ ಬನ್ನಿ. ಹೇಮಾವತಿ ಅಣೆಕಟ್ಟು ನೋಡಲು ಹೋದವರು ನೀರನ್ನು ನೋಡಿ ಹಿಂತಿರುಗುತ್ತಾರೆ. ಕಾಲಡಿಯ ಬಂಡೆಯನ್ನು ನೋಡುವವರು ಕಡಿಮೆ. ಆ ಸೀಮೆಯ ಬೂದು ಬಂಡೆಗಳಲ್ಲಿ ಕಂಬಳಿಯ ಅಂಚಿನ ಹಾಗೆ ಬಿಳಿ, ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಓಡಿರುತ್ತವೆ. ಇದು ‘ನೈಸ್’. ಗೊರೂರು ಮತ್ತು ಹಾಸನದ ಸುತ್ತಲ ನೈಸ್ ಶಿಲೆಗಳ ವಯಸ್ಸು ಸುಮಾರು 330 ಕೋಟಿ ವರ್ಷ. ಭೂಮಿಯ ವಯಸ್ಸೇ ಸುಮಾರು 454 ಕೋಟಿ ವರ್ಷ. ಕರ್ನಾಟಕದ ಅತ್ಯಂತ ಹಳೆಯ ಶಿಲೆಗಳ ಸಾಲಿನಲ್ಲಿ ಇವು ಇವೆ.

ಇಷ್ಟು ವರ್ಷ ಎಂದು ಹೇಳುವುದು ಹೇಗೆ? ಇಂಥ ಶಿಲೆಗಳಲ್ಲಿ ಜಿರ್ಕಾನ್ ಎಂಬ ಅತಿ ಚಿಕ್ಕ, ಅತಿ ಗಟ್ಟಿ ಹರಳು ಇರುತ್ತದೆ. ಅದು ಬೆಳೆಯುವಾಗ ಸ್ವಲ್ಪ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಮುಂದೆ ಆ ಯುರೇನಿಯಂ ತನ್ನದೇ ಲೆಕ್ಕದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ–238 ಅರ್ಧದಷ್ಟು ಕಡಿಮೆಯಾಗಲು ಸುಮಾರು 447 ಕೋಟಿ ವರ್ಷ ಬೇಕು. ಹರಳಿನೊಳಗೆ ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟು ಸೇರಿದೆ ಎಂದು ಅಳೆದರೆ ಅದು ಹುಟ್ಟಿದ ದಿನ ಸಿಗುತ್ತದೆ.

ನೈಸ್ ಎಂಬ ಪದದ ಮೂಲ ನನಗೆ ಬಹಳ ಇಷ್ಟ. ಅದು ಯಾವ ಪಂಡಿತರೂ ಕುಳಿತು ಕಟ್ಟಿದ ಪದವಲ್ಲ. ಜರ್ಮನಿಯ ಸ್ಯಾಕ್ಸನಿ ಸೀಮೆಯ ಗಣಿ ಕೆಲಸಗಾರರ ಮಾತು ಅದು. ‘ಕ್ವಾರ್ಟ್ಜ್’ ಕೂಡ ಅಂಥದ್ದೇ ಗಣಿಯ ಜರ್ಮನ್. ಇಂದು ಜಗತ್ತಿನ ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಗಂಭೀರವಾಗಿ ಉಚ್ಚರಿಸುವ ಈ ಪದಗಳು ಒಂದು ಕಾಲಕ್ಕೆ ಸುತ್ತಿಗೆ ಹಿಡಿದವರ ದಿನದ ಮಾತಾಗಿದ್ದವು. ಹಾಗಿರುವಾಗ ನಮ್ಮ ಬೆಣಚುಕಲ್ಲು ಏಕೆ ಶಾಸ್ತ್ರದ ಪದವಾಗಬಾರದು? ಕ್ವಾರ್ಟ್ಜ್ ಎಂದರೆ ಅದೇ ಬೆಣಚುಕಲ್ಲು. ಕತ್ತಲಲ್ಲಿ ಎರಡು ಬೆಣಚುಕಲ್ಲುಗಳನ್ನು ಉಜ್ಜಿ ಬೆಳಕು ಬರಿಸಿದ ಯಾವ ಹಳ್ಳಿಯ ಮಗುವಿಗೂ ಆ ಖನಿಜದ ಪರಿಚಯವಿದೆ. ಅಭ್ರಕಕ್ಕೆ ನಮ್ಮಲ್ಲಿ ‘ಕಾಗೆಬಂಗಾರ’ ಎಂಬ ಹೆಸರಿದೆ. ಹೊಳೆಯುತ್ತದೆ, ಆದರೆ ಬಂಗಾರವಲ್ಲ ಎಂಬ ಎಚ್ಚರಿಕೆ ಆ ಪದದಲ್ಲೇ ಇದೆ. ನಮ್ಮ ಕಡೆಯ ಪದ ಜಗತ್ತಿನ ಶಾಸ್ತ್ರಕ್ಕೆ ಹೋದದ್ದೂ ಉಂಟು: ಮಾಣಿಕ್ಯ, ನೀಲಗಳ ಖನಿಜಕ್ಕೆ ಇಡೀ ಜಗತ್ತು ಬಳಸುವ ‘ಕೊರಂಡಮ್’ ಎಂಬ ಹೆಸರು ಬಂದದ್ದು ತಮಿಳಿನ ‘ಕುರುಂದಂ’ನಿಂದ.

ನೈಸ್ ಶಿಲೆಯ ಪಟ್ಟೆಗಳು ಮೂಡುವುದು ‘ರೂಪಾಂತರ’ದಿಂದ. ಇದನ್ನು ಕಲ್ಲು ಕರಗಿ ಬೇರೆಯಾಗುವುದು ಎಂದು ತಿಳಿದವರು ಬಹಳ. ಹಾಗಲ್ಲ. ಇಟ್ಟಿಗೆ ಗೂಡನ್ನು ನೆನೆಸಿಕೊಳ್ಳಿ. ಹಸಿ ಜೇಡಿಮಣ್ಣು ಒಳಗೆ ಹೋಗುತ್ತದೆ, ಕೆಂಪು ಇಟ್ಟಿಗೆ ಹೊರಗೆ ಬರುತ್ತದೆ. ನಡುವೆ ಅದು ಕರಗಿ ಹರಿದದ್ದಿಲ್ಲ, ಆಕಾರವೂ ಹಾಗೇ ಇದೆ. ಆದರೂ ಅದು ಮಣ್ಣಲ್ಲ, ನೀರಿಗೆ ಹಾಕಿದರೆ ಕದಡುವುದಿಲ್ಲ. ಕಲ್ಲು ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಾಗ ಗಟ್ಟಿಯಾಗಿರುವಾಗಲೇ ಅದರೊಳಗಿನ ಖನಿಜಗಳು ಬದಲಾಗುತ್ತವೆ, ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ದಪ್ಪ ಪಟ್ಟೆಯಾದರೆ ನೈಸ್. ಪುಸ್ತಕದ ಹಾಳೆಗಳಂತೆ ತೆಳ್ಳಗೆ ಸೀಳುವಂತಾದರೆ ‘ಶಿಸ್ಟ್’. ಸೀಳು ಎಂಬ ಅರ್ಥದ ಗ್ರೀಕ್ ಪದವೇ ಅದರ ಬೇರು.

ಹೊಳೆನರಸೀಪುರದ ಶಿಸ್ಟ್ ವಲಯಕ್ಕೆ ಭೂವಿಜ್ಞಾನಿಗಳು ಹುಡುಕಿಕೊಂಡು ಬರುವುದು ಇದಕ್ಕೇ. ಅಲ್ಲಿನ ಕಲ್ಲುಗಳಲ್ಲಿ ಗಾರ್ನೆಟ್, ಕಯನೈಟ್, ಸ್ಟಾರೊಲೈಟ್ ಹರಳುಗಳಿವೆ. ಕಯನೈಟ್ ಹುಟ್ಟಬೇಕಾದರೆ ಒತ್ತಡ ಇಷ್ಟಿರಬೇಕು, ಬಿಸಿ ಇಷ್ಟನ್ನು ಮೀರಬಾರದು ಎಂಬ ಕಟ್ಟು ಇದೆ. ಹಾಗಾಗಿ ಅಂಗೈಯಲ್ಲಿ ಹಿಡಿದ ಒಂದು ನೀಲಿ ಹರಳಿನಿಂದಲೇ ಆ ಕಲ್ಲು ಒಮ್ಮೆ ಬಹು ಆಳಕ್ಕೆ ಹೋಗಿ ಮೇಲೆ ಬಂದಿದೆ ಎಂದು ಹೇಳಬಹುದು. ಇಂಥ ಖನಿಜಗಳನ್ನು ‘ಸೂಚಕ ಖನಿಜ’ ಎನ್ನುತ್ತಾರೆ. ಅದೇ ವಲಯದಲ್ಲಿ ಕೊಮಾಟಿಯೈಟ್ ಎಂಬ ಅಪರೂಪದ ಲಾವಾಶಿಲೆಯೂ ಇದೆ. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ಹೆಸರನ್ನು 1969ರಲ್ಲಿ ಅದಕ್ಕೆ ಇಟ್ಟರು. ಸುಮಾರು 1,600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಕ್ಕಿದ ಲಾವಾ ಅದು. ಇಂದಿನ ಜ್ವಾಲಾಮುಖಿಗಳ ಬಸಾಲ್ಟ್ 1,200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಕಾಲದ ಭೂಮಿಯ ಒಡಲು ಇಂದಿಗಿಂತ ಎಷ್ಟು ಬಿಸಿಯಾಗಿತ್ತು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ.

ಬೇಲೂರು, ಹಳೇಬೀಡಿನ ‘ಬಳಪದ ಕಲ್ಲು’ ನಮ್ಮ ಜನ ಕೊಟ್ಟ ಹೆಸರುಗಳಲ್ಲೆಲ್ಲ ಅತ್ಯುತ್ತಮವಾದದ್ದು. ಸ್ಲೇಟಿನ ಮೇಲೆ ಬರೆಯುವ ಬಳಪ ಮಾಡುತ್ತಿದ್ದ ಕಲ್ಲು. ಅಂದರೆ ಅದು ಮೆದು ಎಂದು ಹೆಸರಿನಲ್ಲೇ ತಿಳಿಯುತ್ತದೆ. ಭೂವಿಜ್ಞಾನದಲ್ಲಿ ‘ಕಾಠಿಣ್ಯ’ ಎಂಬ ಪದಕ್ಕೆ ಒಡೆಯಲು ಕಷ್ಟ ಎಂದು ಅರ್ಥವಲ್ಲ. ಗೀಚಲು ಕಷ್ಟ ಎಂದು ಅರ್ಥ. 1812ರಲ್ಲಿ ಜರ್ಮನ್ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿ, ಯಾವುದು ಯಾವುದನ್ನು ಗೀಚಬಲ್ಲದು ಎಂದು ಅಂಕ ಕೊಟ್ಟರು. ಟಾಲ್ಕಿಗೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು ಎರಡೂವರೆ. ಬೆಣಚುಕಲ್ಲು 7. ಮೆಗ್ನೀಸಿಯಂ ಹೆಚ್ಚಿರುವ ಹಳೆಯ ಲಾವಾಶಿಲೆಗಳು ಬಿಸಿ, ಒತ್ತಡ, ನೀರು ಮೂರಕ್ಕೂ ಸಿಕ್ಕು ರೂಪಾಂತರವಾದಾಗ ಟಾಲ್ಕ್, ಕ್ಲೋರೈಟ್ ಎಂಬ ಮೆದು ಖನಿಜಗಳು ಹುಟ್ಟುತ್ತವೆ. ಬಳಪದ ಕಲ್ಲು ಅವುಗಳಿಂದಾದದ್ದು. ದೇವಾಲಯದ ಬಹುಪಾಲು ಕಲ್ಲನ್ನು ವಿಜ್ಞಾನಿಗಳು ‘ಕ್ಲೋರೈಟ್ ಶಿಸ್ಟ್’ ಎಂದು ಕರೆಯುವುದು ಇದರಿಂದಲೇ.

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದಾಸೋಜ, ಅವನ ಮಗ ಚಾವಣರಂಥ ರೂವಾರಿಗಳು ಬೆರಳಿನ ಉಂಗುರವನ್ನೂ ಹಾರದ ಎಳೆಯನ್ನೂ ಬಿಡಿಸಲು ಸಾಧ್ಯವಾದದ್ದು ಅವರ ಕೈಚಳಕದಿಂದ, ನಿಜ. ಆ ಕೈಗೆ ಒಲಿಯುವ ಕಲ್ಲು ಸಿಕ್ಕಿದ್ದರಿಂದಲೂ ಹೌದು. ಅಲ್ಲಿಂದ ಶ್ರವಣಬೆಳಗೊಳಕ್ಕೆ ಹೋದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಸುಮಾರು 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟ ಗ್ರಾನೈಟ್ ಜಾತಿಯ ಬಂಡೆಯದು. ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜದ ಕಾಠಿಣ್ಯ 6, ಬೆಣಚಿನದು 7. ಉಳಿಯ ಉಕ್ಕಿಗೆ ಸಮಸಮ ನಿಲ್ಲುವ ಕಲ್ಲು. ಅಲ್ಲಿ ಒಡವೆಯಿಲ್ಲ, ಕುಸುರಿಯಿಲ್ಲ, ವಿಶಾಲವಾದ ನುಣುಪಿದೆ. ಧರ್ಮವೂ ಕಲ್ಲೂ ಅಲ್ಲಿ ಒಂದೇ ಮಾತನ್ನು ಆಡಿವೆ. ದೊಡ್ಡಬೆಟ್ಟದ ಮೆಟ್ಟಿಲು ಹತ್ತುವಾಗ ಬಂಡೆ ಈರುಳ್ಳಿಯ ಸಿಪ್ಪೆಯಂತೆ ದೊಡ್ಡ ದೊಡ್ಡ ಪದರಗಳಾಗಿ ಬಿಟ್ಟುಕೊಂಡಿರುವುದನ್ನೂ ಗಮನಿಸಿ. ಆಳದಲ್ಲಿ ಹುಟ್ಟಿದ ಬಂಡೆಯ ಮೇಲಿನ ಭಾರವೆಲ್ಲ ಸವೆದು ಹೋದಾಗ ಅದು ಹಿಗ್ಗಿ ಹೀಗೆ ಪದರು ಬಿಡುತ್ತದೆ.

‘ಖನಿಜ’, ‘ಶಿಲೆ’, ‘ಅದಿರು’ ಎಂಬ ಮೂರನ್ನು ಪತ್ರಿಕೆಗಳಲ್ಲೂ ಕಲಸಿ ಬರೆಯುವುದುಂಟು. ಖನಿಜ ಎಂದರೆ ನಿಶ್ಚಿತ ರಾಸಾಯನಿಕ ರಚನೆ ಇರುವ ಒಂದೇ ವಸ್ತು. ಶಿಲೆ ಎಂದರೆ ಖನಿಜಗಳ ಕೂಟ. ಅದಿರು ಮಾತ್ರ ಪ್ರಕೃತಿಯ ಪದವಲ್ಲ, ಅದು ಮನುಷ್ಯರ ಲೆಕ್ಕದ ಪದ: ತೆಗೆದರೆ ಗಿಟ್ಟುತ್ತದೆ ಎಂಬ ಕಲ್ಲು. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ನುಗ್ಗೇಹಳ್ಳಿ ಶಿಸ್ಟ್ ವಲಯದ ಕ್ರೋಮೈಟನ್ನು ಅಗೆದು ತೆಗೆದಿದ್ದಾರೆ. ಸ್ಟೀಲ್ ಪಾತ್ರೆಗೆ ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂ ಇರುವುದು ಅದರಲ್ಲೇ. ಕುದುರೆಮುಖದಲ್ಲಿ ಮ್ಯಾಗ್ನೆಟೈಟ್ ತುಂಬಿದ ಬೆಟ್ಟವನ್ನು ಕಡಿದು, ಪುಡಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಮ್ಯಾಗ್ನೆಟೈಟ್ ಎಂಬ ಖನಿಜ ಅಲ್ಲೇ ಇದೆ, ಶಿಲೆಯೂ ಅಲ್ಲೇ ಇದೆ. ಅದು ಅದಿರಲ್ಲ, ಅಷ್ಟೆ.

ಬಾಬಾಬುಡನ್ ಬೆಟ್ಟಸಾಲಿನಲ್ಲಿ ಹೆಸರುಗಳ ಇನ್ನೊಂದು ಬಗೆ ಕಾಣಬಹುದು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಈ ಹಳೆಯ ಪದರಶಿಲೆಗಳಿಗೆ ಧಾರವಾಡದ ಹೆಸರಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರೂ ಅವರೇ. ಇಂದು ‘ಧಾರವಾಡ ಮಹಾಸಮೂಹ’ದೊಳಗೆ ‘ಬಾಬಾಬುಡನ್ ಸಮೂಹ’ವಿದೆ; ಅದರೊಳಗೆ ಚಿಕ್ಕಮಗಳೂರಿನ ಮಗ್ಗುಲಿನ ಕರ್ತಿಕೆರೆಯ ಹೆಸರಿನ ಪದರವಿದೆ, ಮುಳ್ಳಯ್ಯನಗಿರಿಯ ಹೆಸರಿನ ಪದರವಿದೆ. ವಂಶ, ಮನೆತನ, ಮನೆ ಎಂಬಂತೆ ಈ ಶ್ರೇಣಿ. ಜಪಾನಿನಲ್ಲೋ ಕೆನಡಾದಲ್ಲೋ ಕುಳಿತು ಈ ವಿಷಯ ಓದುವವರು ಕರ್ತಿಕೆರೆಯ ಹೆಸರನ್ನು ಕಲಿಯಲೇಬೇಕು.

ಆ ಕರ್ತಿಕೆರೆ ಪದರದ ಬುಡದಲ್ಲಿ ಕಡಲೆಮಿಠಾಯಿಯಂಥ ಕಲ್ಲಿದೆ. ಬೆಲ್ಲದಲ್ಲಿ ಕಡಲೆಬೀಜ ಕೂತ ಹಾಗೆ ಗಟ್ಟಿ ಮರಳಿನಲ್ಲಿ ನುಣುಪಾದ ಬೆಣಚುಗುಂಡುಗಳು ಕೂತಿವೆ. ಇದಕ್ಕೆ ‘ಕಾಂಗ್ಲೊಮರೇಟ್’ ಎನ್ನುತ್ತಾರೆ. ಗುಂಡುಗಳು ನುಣುಪಾಗಿರುವುದರಿಂದ ಅವು ನೀರಿನಲ್ಲಿ ಉರುಳಿ ಬಂದವು ಎಂದು ತಿಳಿಯುತ್ತದೆ. ಕೆಳಗಿನ ನೈಸ್ ಆಳದಲ್ಲಿ ಹುಟ್ಟಿ, ಮೇಲಕ್ಕೆ ಬಂದು, ಸವೆದು ಬಯಲಾದ ಮೇಲೆ ಅದರ ಮೇಲೆ ಹೊಳೆ ಹರಿದು ಈ ಗುಂಡುಗಳನ್ನು ಹರಡಿತು. ಎರಡರ ನಡುವಿನ ಗೆರೆ ಕೈ ಅಗಲವೂ ಇಲ್ಲ, ಆದರೆ ಅದರಲ್ಲಿ ಕಳೆದುಹೋದ ಕಾಲ ಕೋಟಿಗಟ್ಟಲೆ ವರ್ಷ. ಕುಟುಂಬದ ಲೆಕ್ಕದ ಪುಸ್ತಕದಲ್ಲಿ ನಡುವಿನ ಹಾಳೆಗಳು ಹರಿದುಹೋದಂತೆ. ಈ ಬಗೆಯ ಗೆರೆಗೆ ಪಠ್ಯದಲ್ಲಿ ‘ಅಸಂಗತಿ’ ಎಂದಿರುತ್ತದೆ. ಆ ಕಲ್ಲಿನಲ್ಲಿ ಗಾಳಿಯ ಆಮ್ಲಜನಕ ತಾಕಿದರೆ ಉಳಿಯದ ಪೈರೈಟ್ ಮತ್ತು ಯುರೇನಿಯಂ ಖನಿಜಗಳೂ ಹೊಳೆಯಲ್ಲಿ ಉರುಳಿ ಬಂದು ಕೂತಿವೆ. ಅಂದಿನ ಗಾಳಿಯಲ್ಲಿ ಉಸಿರಾಡುವಷ್ಟು ಆಮ್ಲಜನಕ ಇರಲಿಲ್ಲ ಎಂಬುದಕ್ಕೆ ಅದು ಗುರುತು.

ಅದೇ ಕಾರಣಕ್ಕೆ ಆಗಿನ ಸಮುದ್ರದಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿಕೊಂಡಿತ್ತು. ಸೂಕ್ಷ್ಮಜೀವಿಗಳ ಕೆಲಸದಿಂದ ಅದು ತುಕ್ಕಾಗಿ ತಳಕ್ಕೆ ಇಳಿಯಿತು; ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ, ಮತ್ತೆ ಕಬ್ಬಿಣ. ‘ಪಟ್ಟೆ ಕಬ್ಬಿಣಶಿಲೆ’ ಎಂದರೆ ಇದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ ಇಂದಿಗೂ ಸವೆಯದೆ ನಿಂತಿರುವುದು ಈ ಗಟ್ಟಿ ಶಿಲೆಯ ಬಲದಿಂದ. ನಾಡಿನ ಅತಿ ಎತ್ತರದ ಜಾಗದಲ್ಲಿ ನಿಂತವರ ಕಾಲಡಿಯಲ್ಲಿ ಇರುವುದು ಸಮುದ್ರದ ತಳ.

ಕೆಮ್ಮಣ್ಣುಗುಂಡಿಯ ಹೆಸರೇ ಅದರ ವಿವರಣೆ. ಮಲೆನಾಡಿನ ಮಳೆ ಕಲ್ಲಿನಿಂದ ಸಿಲಿಕಾ ಮೊದಲಾದವನ್ನು ತೊಳೆದು ಒಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಬಿಟ್ಟುಹೋಗುತ್ತದೆ. ಉಳಿದದ್ದು ‘ಲ್ಯಾಟರೈಟ್’, ನಮ್ಮ ಜಂಬಿಟ್ಟಿಗೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಹೆಸರಿಟ್ಟದ್ದು ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ನಮ್ಮವರ ಪದದಲ್ಲೂ ಇಟ್ಟಿಗೆಯೇ ಇದೆ.

ಈಗ ಅರಸೀಕೆರೆಯ ಕಡೆಯ ಬೋರ್‌ವೆಲ್ ಮಾತಿಗೆ ಬರುತ್ತೇನೆ, ಏಕೆಂದರೆ ಪದದ ತಪ್ಪು ತಿಳಿವಳಿಕೆಯಿಂದ ನಿಜವಾಗಿ ಹಣ ಕಳೆದುಕೊಳ್ಳುವುದು ಇಲ್ಲಿ. ‘ಅಂತರ್ಜಲ ಮಟ್ಟ’ ಎಂದೊಡನೆ ನೆಲದಡಿ ಒಂದು ಕೆರೆ ಇದೆ, ಆಳಕ್ಕೆ ಹೋದರೆ ಸಿಕ್ಕೇ ಸಿಗುತ್ತದೆ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ನೈಸ್, ಗ್ರಾನೈಟಿನ ನಾಡಿನಲ್ಲಿ ಹಾಗಿಲ್ಲ. ಎರಡು ಪದಗಳನ್ನು ಬೇರೆ ಮಾಡಿಕೊಳ್ಳಬೇಕು. ‘ರಂಧ್ರತೆ’ ಎಂದರೆ ಒಳಗೆ ಎಷ್ಟು ಜಾಗವಿದೆ ಎಂಬುದು. ‘ಪ್ರವೇಶ್ಯತೆ’ ಎಂದರೆ ನೀರು ಅದರೊಳಗೆ ಎಷ್ಟು ಸಲೀಸಾಗಿ ಓಡಾಡಬಲ್ಲದು ಎಂಬುದು. ಜೇಡಿಮಣ್ಣಿನಲ್ಲಿ ರಂಧ್ರತೆ ಬಹಳ, ನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ, ಆದರೆ ಬಿಡುವುದಿಲ್ಲ. ಕೆರೆಯ ಏರಿಯ ಒಳಗೆ ಅದನ್ನು ತುಂಬುತ್ತಿದ್ದದ್ದು ಇದಕ್ಕೇ. ಮರಳಿನಲ್ಲಿ ಎರಡೂ ಇವೆ. ಗಟ್ಟಿ ಗ್ರಾನೈಟಿನಲ್ಲಿ ಎರಡೂ ಇಲ್ಲ. ಅಲ್ಲಿ ನೀರು ಇರುವುದು ಮೇಲಿನ ಗರಸಿನ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಬಾವಿ ತೋಡುವವರು ‘ಸೆಲೆ ಸಿಕ್ಕಿತು’ ಎಂದಾಗ ಹೇಳುವುದು ಆ ಬಿರುಕನ್ನೇ. ಪಕ್ಕದ ತೋಟದವರಿಗೆ ಇನ್ನೂರು ಅಡಿಗೆ ನೀರು ಬಂದು ನಮಗೆ ಎಂಟುನೂರು ಅಡಿಗೂ ಬರಿ ದೂಳು ಬರುವುದು ಇದರಿಂದಲೇ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತಾ ಬರುತ್ತವೆ. ಆದ್ದರಿಂದ ಗಟ್ಟಿ ಬಂಡೆಯಲ್ಲಿ ‘ಇನ್ನೂ ನೂರು ಅಡಿ ಹೋಗೋಣ’ ಎನ್ನುವುದು ಬಹಳ ಸಲ ನಷ್ಟದ ಮಾತು.

ಕೊನೆಯದಾಗಿ ‘ಭೂಕುಸಿತ’. ಶಿರಾಡಿಯಲ್ಲಿ ಬಂಡೆ ಉರುಳಿದರೂ ಇದೇ ಪದ, ಮೂಡಿಗೆರೆ ಕಡೆ ಗುಡ್ಡ ಕೆಸರಾಗಿ ಹರಿದರೂ ಇದೇ ಪದ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಜರಿದು ಸಂಚಾರ ನಿಂತಾಗಲೂ ಸುದ್ದಿಯಲ್ಲಿ ಇದೊಂದೇ ಪದ ಓಡಾಡಿತು. ಭೂವಿಜ್ಞಾನ ಇವುಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ, ಏಕೆಂದರೆ ಒಂದೊಂದರ ವೇಗವೂ ಬೇರೆ, ಮುನ್ಸೂಚನೆಯೂ ಬೇರೆ. ಬಿರುಕುಬಿಟ್ಟ ಬಂಡೆ ‘ಉರುಳುತ್ತದೆ’. ಅದಕ್ಕೆ ಕ್ಷಣ ಸಾಕು. ಕೆಳಗಿನ ಗಟ್ಟಿ ಪದರದ ಮೇಲೆ ಮಣ್ಣಿನ ಇಡೀ ಹೊದಿಕೆ ‘ಜಾರುತ್ತದೆ’. ಅದಕ್ಕೆ ಮೊದಲು ಗುಡ್ಡದ ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು ಬಿಡುತ್ತದೆ. ಮಣ್ಣು, ಕಲ್ಲು, ಮರ, ನೀರು ಕಲೆತು ಹಳ್ಳದ ಜಾಡು ಹಿಡಿದು ‘ಹರಿಯುತ್ತದೆ’. ಸದಾ ಹರಿಯುವ ಹಳ್ಳದಲ್ಲಿ ಮಳೆಯ ನಡುವೆಯೇ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆ ಎಲ್ಲೋ ಕಟ್ಟಿಕೊಂಡಿದೆ ಎಂದೇ ತಿಳಿದು ಅಲ್ಲಿಂದ ದೂರ ಹೋಗಬೇಕು. ನಾಲ್ಕನೆಯದು ‘ತೆವಳುವುದು’. ವರ್ಷಕ್ಕೆ ಬೆರಳಿನಷ್ಟೋ ಅದಕ್ಕಿಂತ ಕಡಿಮೆಯೋ ಇಳಿಜಾರಿನ ಮಣ್ಣು ಸರಿಯುತ್ತಾ ಹೋಗುತ್ತದೆ. ಅದು ಸುದ್ದಿಯಾಗುವುದಿಲ್ಲ. ಕಾಫಿ ತೋಟದಲ್ಲಿ ನೆರಳಿನ ಸಿಲ್ವರ್ ಓಕ್ ಮರಗಳ ಬುಡ ಕುಡುಗೋಲಿನಂತೆ ಬಾಗಿ ಮೇಲೆ ನೇರವಾಗಿರುವುದು, ವಿದ್ಯುತ್ ಕಂಬಗಳೆಲ್ಲ ಒಂದೇ ಕಡೆಗೆ ವಾಲಿರುವುದು, ಬೇಲಿಯ ಗೂಟಗಳ ಸಾಲು ನಡುವೆ ಹೊಟ್ಟೆ ಬಿಟ್ಟಿರುವುದು ಅದರ ಗುರುತುಗಳು. ತೋಟದಲ್ಲಿ ದಿನವೂ ಓಡಾಡುವವರು ಇದನ್ನು ನಮಗಿಂತ ಮೊದಲೇ ನೋಡಿರುತ್ತಾರೆ. ಮಳೆಗಾಲ ಹಿಡಿಯುವ ಮುನ್ನ ಅವರನ್ನು ಕೇಳಿದರೆ ಯಾವ ಮಗ್ಗುಲು ತೆವಳುತ್ತಿದೆ ಎಂದು ಬೆರಳು ಮಾಡಿ ತೋರಿಸುತ್ತಾರೆ.